ತನ್ನ ಕ್ಷೇತ್ರದ ಗುರಿಯೇ ಅಸಾಧ್ಯವೆಂದು ಬರೆದ ವಿದ್ವಾಂಸ

ಸರ್ಕಾರದ ಹಣದಿಂದ ನಡೆಯುವ ಯೋಜನೆಯೊಂದನ್ನು ಅದೇ ಕ್ಷೇತ್ರದ ತಜ್ಞರು ಪರಿಶೀಲಿಸಿ, ಇದು ಆಗುವ ಕೆಲಸವಲ್ಲವೆಂದು ವರದಿ ಕೊಡುವುದು ಬಹಳ ಅಪರೂಪ. ಸೇವೆಯಲ್ಲಿದ್ದ ವರ್ಷಗಳಲ್ಲಿ ನನ್ನ ಮೇಜಿನ ಮೇಲೆ ಬಂದ ಸಾಧ್ಯತಾ ವರದಿಗಳಲ್ಲಿ ಹೆಚ್ಚಿನವು ಸಾಧ್ಯವೆಂದೇ ಹೇಳುತ್ತಿದ್ದವು. ವ್ಯತ್ಯಾಸವಿರುತ್ತಿದ್ದುದು ಬೇಕಾದ ಹಣದಲ್ಲಿ ಮತ್ತು ಕಾಲಾವಧಿಯಲ್ಲಿ ಮಾತ್ರ. ತಜ್ಞರ ಬದುಕು ಯೋಜನೆಯ ಮುಂದುವರಿಕೆಯನ್ನೇ ಅವಲಂಬಿಸಿರುವಾಗ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆದುದರಿಂದಲೇ ಯೆಹೋಶುವ ಬಾರ್-ಹಿಲೆಲ್ ಅವರ ಜೀವನ ನನಗೆ ಬಹುಕಾಲದಿಂದ ಕುತೂಹಲದ ವಿಷಯವಾಗಿದೆ. ಕಂಪ್ಯೂಟರಿನಿಂದ ಭಾಷಾಂತರ ಮಾಡಿಸುವ ಶಾಸ್ತ್ರದ ಮೊದಲ ಸಮ್ಮೇಳನವನ್ನು ಕರೆದವರು ಅವರು. ಎಂಟು ವರ್ಷಗಳ ಬಳಿಕ ಆ ಶಾಸ್ತ್ರದ ಮುಖ್ಯ ಗುರಿ ಕೈಗೆಟುಕದೆಂದು ಪ್ರಕಟಿಸಿದವರೂ ಅವರೇ.

ಬಾರ್-ಹಿಲೆಲ್ 1915ರಲ್ಲಿ ವಿಯೆನ್ನಾದಲ್ಲಿ ಜನಿಸಿದರು. ಹುಟ್ಟಿದಾಗ ಇಟ್ಟ ಹೆಸರು ಆಸ್ಕರ್ ವೆಸ್ಟ್‌ರೈಖ್. ಬೆಳೆದದ್ದು ಬರ್ಲಿನ್ನಿನಲ್ಲಿ. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ಪ್ಯಾಲೆಸ್ಟೈನಿಗೆ ವಲಸೆ ಹೋಗಿ, ಕೆಲಕಾಲ ಸಾಮುದಾಯಿಕ ಕೃಷಿ ನೆಲೆಯೊಂದರಲ್ಲಿದ್ದು, ಮುಂದೆ ಜೆರುಸಲೆಮ್ಮಿನಲ್ಲಿ ನೆಲೆಸಿದರು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯ ಯಹೂದಿ ಬ್ರಿಗೇಡಿನಲ್ಲಿ ಸೇವೆ ಸಲ್ಲಿಸಿದರು. ನಂತರದ ಅರಬ್-ಇಸ್ರೇಲಿ ಯುದ್ಧದಲ್ಲಿ ಒಂದು ಕಣ್ಣನ್ನು ಕಳೆದುಕೊಂಡರು. ಈ ಏರುಪೇರುಗಳ ನಡುವೆಯೇ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಗಣಿತಜ್ಞ ಅಬ್ರಹಾಂ ಫ್ರೆಂಕೆಲ್ ಅವರ ಶಿಷ್ಯರಾಗಿ ತರ್ಕಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಅವರ ಚಿಂತನೆಯನ್ನು ರೂಪಿಸಿದವರು ದಾರ್ಶನಿಕ ರುಡಾಲ್ಫ್ ಕಾರ್ನಪ್. ಭಾಷೆಯನ್ನು ಗಣಿತದ ನಿಖರತೆಯಿಂದ ವಿವರಿಸಬಹುದೆಂಬ ಕಾರ್ನಪ್ ಅವರ ವಿಶ್ವಾಸ ಶಿಷ್ಯನಿಗೂ ಅಂಟಿಕೊಂಡಿತು.

1951ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆ ಬಾರ್-ಹಿಲೆಲ್ ಅವರನ್ನು ಯಂತ್ರಾನುವಾದದ ಸಂಶೋಧನೆಗೆಂದೇ ನೇಮಿಸಿಕೊಂಡಿತು. ಈ ಕೆಲಸಕ್ಕೆ ಪೂರ್ಣಾವಧಿಗೆ ನೇಮಕಗೊಂಡ ಜಗತ್ತಿನ ಮೊದಲ ವ್ಯಕ್ತಿ ಅವರೇ. ಅದಕ್ಕೆ ಎರಡು ವರ್ಷ ಮೊದಲು, ರಾಕ್‌ಫೆಲರ್ ಪ್ರತಿಷ್ಠಾನದ ವಾರನ್ ವೀವರ್ ಟಿಪ್ಪಣಿಯೊಂದನ್ನು ವಿದ್ವಾಂಸರಿಗೆ ಹಂಚಿ, ಗೂಢಲಿಪಿಯನ್ನು ಬಿಡಿಸುವ ಯಂತ್ರಗಳು ಪರಭಾಷೆಯನ್ನೂ ಬಿಡಿಸಬಾರದೇಕೆ ಎಂಬ ಆಸೆಯನ್ನು ಬಿತ್ತಿದ್ದರು. ಶೀತಲ ಸಮರ ಕಾವೇರುತ್ತಿತ್ತು. ರಷ್ಯನ್ ಭಾಷೆಯ ವೈಜ್ಞಾನಿಕ ಬರಹಗಳನ್ನು ಬೇಗ ಓದಬೇಕೆಂಬ ಆತುರ ಅಮೆರಿಕದ ಸರ್ಕಾರಕ್ಕಿತ್ತು.

ಮರುವರ್ಷ, 1952ರ ಜೂನ್‌ನಲ್ಲಿ, ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಬಾರ್-ಹಿಲೆಲ್ ನಾಲ್ಕು ದಿನಗಳ ಸಮ್ಮೇಳನವನ್ನು ಕರೆದರು. ಸೇರಿದವರು 18 ಮಂದಿ ಮಾತ್ರ: ಭಾಷಾಶಾಸ್ತ್ರಜ್ಞರು, ಎಂಜಿನಿಯರುಗಳು, ಭಾಷಾಂತರದ ಅನುಭವವುಳ್ಳವರು. ಇಂದಿನ ಸಾವಿರಾರು ಪ್ರತಿನಿಧಿಗಳ ಸಮ್ಮೇಳನಗಳ ಮುಂದೆ ಅದು ಮನೆಯ ಜಗಲಿಯ ಮಾತುಕತೆಯಂತೆ ಕಾಣುತ್ತದೆ. ಪರಿಣಾಮ ಮಾತ್ರ ಸಣ್ಣದಾಗಿರಲಿಲ್ಲ. ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಏಕಕಾಲಿಕ ಅನುವಾದದ ವ್ಯವಸ್ಥೆಯನ್ನು ರೂಪಿಸಿದ್ದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಲಿಯೋನ್ ಡೋಸ್ಟರ್ಟ್ ಸಂಶಯದಿಂದ ಬಂದವರು, ಉತ್ಸಾಹದಿಂದ ಹಿಂದಿರುಗಿದರು. 1954ರ ಜನವರಿಯಲ್ಲಿ ಐಬಿಎಂ ಜೊತೆಗೂಡಿ ಅವರು ನಡೆಸಿದ ಪ್ರದರ್ಶನದಲ್ಲಿ ಕಂಪ್ಯೂಟರೊಂದು ಆಯ್ದ ರಷ್ಯನ್ ವಾಕ್ಯಗಳನ್ನು ಇಂಗ್ಲಿಷಿಗೆ ತಿರುಗಿಸಿತು. ಯಂತ್ರಕ್ಕೆ ತಿಳಿದಿದ್ದುದು 250 ಪದಗಳು ಮತ್ತು ವ್ಯಾಕರಣದ ಆರು ನಿಯಮಗಳು. ಪತ್ರಿಕೆಗಳು ಕೊಂಡಾಡಿದವು, ಸರ್ಕಾರದ ಬೊಕ್ಕಸ ತೆರೆಯಿತು.

ಈ ನಡುವೆ ಬಾರ್-ಹಿಲೆಲ್ ತಮ್ಮ ಶಾಶ್ವತ ಕೊಡುಗೆಯೊಂದನ್ನು ನೀಡಿದ್ದರು. 1953ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ, ಪೋಲಿಷ್ ತರ್ಕಶಾಸ್ತ್ರಜ್ಞ ಆಯ್ದುಕೆವಿಚ್ ಅವರ ವಿಚಾರವನ್ನು ಬೆಳೆಸಿ, ವಾಕ್ಯರಚನೆಯನ್ನು ಶಾಲೆಯ ಭಿನ್ನರಾಶಿ ಲೆಕ್ಕದಂತೆ ಬಿಡಿಸುವ ವಿಧಾನವನ್ನು ತೋರಿಸಿದರು. ನಾಮಪದಕ್ಕೊಂದು ಚಿಹ್ನೆ, ವಾಕ್ಯಕ್ಕೊಂದು ಚಿಹ್ನೆ. ಕರ್ಮ ಬೇಡದ ಕ್ರಿಯಾಪದವೆಂದರೆ ವಾಕ್ಯವನ್ನು ನಾಮಪದದಿಂದ ಭಾಗಿಸಿದ ಭಿನ್ನರಾಶಿ. ನಮ್ಮ ಭಾಷೆಯಲ್ಲೇ ಹೇಳುವುದಾದರೆ, ರಾಮ ಬಂದನು ಎಂಬಲ್ಲಿ ಎರಡನ್ನೂ ಗುಣಿಸಿದರೆ ನಾಮಪದದ ಚಿಹ್ನೆ ಹೊಡೆದುಹೋಗಿ ವಾಕ್ಯದ ಚಿಹ್ನೆ ಉಳಿಯುತ್ತದೆ. ಉಳಿದರೆ ರಚನೆ ಸರಿ. ಪಾಣಿನಿಯ ಸೂತ್ರಗಳನ್ನೂ ಕೇಶಿರಾಜನ ಶಬ್ದಮಣಿದರ್ಪಣವನ್ನೂ ಬಲ್ಲ ನಮಗೆ ವ್ಯಾಕರಣವನ್ನು ಸೂತ್ರದಲ್ಲಿ ಹಿಡಿಯುವ ಆಸೆ ಅಪರಿಚಿತವಲ್ಲ. ಆದರೆ ಯಂತ್ರವೂ ಅನುಸರಿಸಬಲ್ಲ ಲೆಕ್ಕವಾಗಿ ಅದನ್ನು ರೂಪಿಸುವುದು ಇಪ್ಪತ್ತನೆಯ ಶತಮಾನದ ಸಾಹಸ. ಅವರು ಅಡಿಪಾಯ ಹಾಕಿದ ಈ ಪದ್ಧತಿ ರೂಪಾತ್ಮಕ ವ್ಯಾಕರಣದ ಸಮ್ಮೇಳನಗಳಲ್ಲಿ ಇಂದಿಗೂ ಚರ್ಚೆಯಾಗುತ್ತದೆ.

1953ರಲ್ಲಿ ಬಾರ್-ಹಿಲೆಲ್ ಜೆರುಸಲೆಮ್ಮಿಗೆ ಮರಳಿದರು. ಐದು ವರ್ಷಗಳ ನಂತರ ಅಮೆರಿಕದ ನೌಕಾಪಡೆಯ ಸಂಶೋಧನಾ ಕಚೇರಿಯ ಬೆಂಬಲದಿಂದ ಅಮೆರಿಕ ಮತ್ತು ಬ್ರಿಟನ್ನಿನ ಸಂಶೋಧನಾ ತಂಡಗಳ ಕೆಲಸವನ್ನು ಸಮೀಕ್ಷಿಸಿದರು. 1960ರಲ್ಲಿ ಹೆಚ್ಚಿನ ಓದುಗರಿಗೆ ತಲುಪಿದ ಆ ವರದಿ ಮಿತ್ರರನ್ನೂ ಬೆಚ್ಚಿಬೀಳಿಸಿತು. ಮನುಷ್ಯನ ನೆರವಿಲ್ಲದೆ ಯಂತ್ರವೊಂದೇ ಉತ್ತಮ ಗುಣಮಟ್ಟದ ಅನುವಾದ ಮಾಡುವುದು ಇಂದಿಗಷ್ಟೇ ಅಲ್ಲ, ತಾತ್ವಿಕವಾಗಿಯೇ ಅಸಾಧ್ಯವೆಂಬುದು ಅದರ ನಿರ್ಣಯ.

ಅದಕ್ಕೆ ಅವರು ಕೊಟ್ಟ ನಿದರ್ಶನ ಈ ಶಾಸ್ತ್ರದಲ್ಲಿ ಪ್ರಸಿದ್ಧ. ಮಗುವೊಂದು ಆಟಿಕೆಯ ಪೆಟ್ಟಿಗೆಯನ್ನು ಹುಡುಕುತ್ತದೆ. ಅದು ಸಿಕ್ಕುವುದು ಇಂಗ್ಲಿಷಿನಲ್ಲಿ ಪೆನ್ ಎಂದು ಕರೆಯುವ ವಸ್ತುವಿನೊಳಗೆ. ಆ ಪದಕ್ಕೆ ಬರೆಯುವ ಲೇಖನಿ ಎಂಬ ಅರ್ಥವೂ ಇದೆ, ಮಗು ಆಡಲು ಕಟ್ಟಿದ ಸಣ್ಣ ಆವರಣ ಎಂಬ ಅರ್ಥವೂ ಇದೆ. ಲೇಖನಿಯೊಳಗೆ ಪೆಟ್ಟಿಗೆ ಹಿಡಿಸದೆಂಬುದು ನಮಗೆ ಗೊತ್ತು, ವ್ಯಾಕರಣಕ್ಕೆ ಗೊತ್ತಿಲ್ಲ. ಕನ್ನಡದಲ್ಲೂ ಅಜ್ಜಿ ಕೊಟ್ಟಿಗೆಗೆ ಹೋಗಿ ಹಸುವನ್ನು ಕರೆದಳು ಎಂದರೆ, ಕೂಗಿ ಕರೆದಳೋ ಹಾಲು ಕರೆದಳೋ ವಾಕ್ಯರಚನೆಯಿಂದ ತಿಳಿಯದು. ಅವಳ ಕೈಯಲ್ಲಿ ಚೆಂಬಿತ್ತೆಂದು ಗೊತ್ತಾದರೆ ಹಳ್ಳಿಯ ಮಗುವೂ ಅರ್ಥ ಹೇಳುತ್ತದೆ. ಈ ಲೋಕಜ್ಞಾನವನ್ನು ಯಂತ್ರಕ್ಕೆ ತುಂಬಬೇಕಾದರೆ ಇಡೀ ವಿಶ್ವಕೋಶವನ್ನೇ ತುಂಬಬೇಕು. ಅದು ಭ್ರಮೆಯೆಂದು ಅವರು ವಾದಿಸಿದರು.

ಆದರೆ ಅವರು ಬಾಗಿಲು ಮುಚ್ಚಿ ಹೋದವರಲ್ಲ. ಯಂತ್ರ ಮತ್ತು ಮನುಷ್ಯ ಕೆಲಸವನ್ನು ಹಂಚಿಕೊಳ್ಳಬೇಕು, ಯಂತ್ರದ ಕರಡನ್ನು ಮನುಷ್ಯ ತಿದ್ದಬೇಕು ಎಂದು 1951ರಿಂದಲೂ ಹೇಳುತ್ತಿದ್ದರು. ಈ ಮಾತು ಉತ್ಸಾಹಿಗಳಿಗೆ ರುಚಿಸಲಿಲ್ಲವೆಂಬುದು ಬೇರೆ ವಿಷಯ.

1964ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಜಾನ್ ಪಿಯರ್ಸ್ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಎರಡು ವರ್ಷಗಳ ನಂತರ ಬಂದ ಅದರ ವರದಿಯನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಮೆಚ್ಚುತ್ತೇನೆ. ಬಾರ್-ಹಿಲೆಲ್ ಎತ್ತಿದ್ದು ತಾತ್ವಿಕ ಪ್ರಶ್ನೆ. ಸಮಿತಿ ಕೇಳಿದ್ದು ಮಾರುಕಟ್ಟೆಯ ಪ್ರಶ್ನೆ. ಸುಮಾರು ಎರಡು ಕೋಟಿ ಡಾಲರ್ ಖರ್ಚಾಗಿದೆ, ಭಾಷಾಂತರಕಾರರ ಕೊರತೆಯೇ ಇಲ್ಲ, ಹಾಗಿರುವಾಗ ಯಂತ್ರದ ದುಬಾರಿ ಕರಡು ಏಕೆ ಬೇಕು? ಅಮೆರಿಕದಲ್ಲಿ ಅನುದಾನ ಬಹುಪಾಲು ನಿಂತಿತು. ಆದರೆ ಭಾಷೆಯನ್ನು ಗಣಕದ ಮೂಲಕ ಅರಿಯುವ ಮೂಲಭೂತ ಸಂಶೋಧನೆಗೆ ನೆರವು ನೀಡಬೇಕೆಂದೂ ಸಮಿತಿ ಹೇಳಿತ್ತು. 1962ರಲ್ಲಿ ಸ್ಥಾಪನೆಯಾಗಿದ್ದ ವಿದ್ವಾಂಸರ ಸಂಘ 1968ರಲ್ಲಿ ತನ್ನ ಹೆಸರಿನಿಂದ ಯಂತ್ರಾನುವಾದವನ್ನು ಕೈಬಿಟ್ಟು, ಗಣಕ ಭಾಷಾಶಾಸ್ತ್ರವನ್ನಷ್ಟೇ ಉಳಿಸಿಕೊಂಡಿತು. ಇಂದು ಈ ಕ್ಷೇತ್ರದ ಪ್ರಮುಖ ಸಮ್ಮೇಳನಗಳನ್ನು ನಡೆಸುವುದು ಅದೇ ಸಂಘ.

ಬಾರ್-ಹಿಲೆಲ್ ಅವರ ಗಣಿತದ ಕೆಲಸ ಮುಂದುವರಿದಿತ್ತು. 1961ರಲ್ಲಿ ಪೆರ್ಲೆಸ್ ಮತ್ತು ಶಮೀರ್ ಜೊತೆ ಅವರು ಸಾಧಿಸಿದ ಪ್ರಮೇಯವನ್ನು ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗಳು ಈಗಲೂ ಪಠ್ಯದಲ್ಲಿ ಓದುತ್ತಾರೆ. 1964ರಲ್ಲಿ ತರ್ಕ ಮತ್ತು ವಿಜ್ಞಾನ ದರ್ಶನದ ಅಂತರರಾಷ್ಟ್ರೀಯ ಸಮ್ಮೇಳನ ಜೆರುಸಲೆಮ್ಮಿನಲ್ಲಿ ಸೇರಿತು. ಅದರ ನಡಾವಳಿಯನ್ನು ಸಂಪಾದಿಸಿದವರು ಅವರೇ. ಕೊನೆಯ ವರ್ಷಗಳಲ್ಲಿ, ಮಾತನ್ನು ಆಡುವವರು ಮತ್ತು ಆಡುವ ಸಂದರ್ಭವನ್ನು ಬಿಟ್ಟು ಅರ್ಥವನ್ನು ಹಿಡಿಯಲಾಗದೆಂಬ ನಿಲುವಿಗೆ ಹೆಚ್ಚು ಒತ್ತು ಕೊಟ್ಟರು. 1975ರ ಸೆಪ್ಟೆಂಬರ್‌ನಲ್ಲಿ, ಅರವತ್ತು ತುಂಬಿದ ಕೆಲವೇ ದಿನಗಳಲ್ಲಿ ನಿಧನರಾದರು.

ಹಾಗಾದರೆ ಅವರ ನಿರ್ಣಯ ಸರಿಯಾಗಿತ್ತೇ? ಅರ್ಧ ಸರಿ, ಅರ್ಧ ತಪ್ಪು ಎನ್ನಬೇಕು. ಮನುಷ್ಯರು ಬರೆದ ಅಪಾರ ಪಠ್ಯರಾಶಿಯಿಂದ ಯಂತ್ರ ತಾನಾಗಿಯೇ ಕಲಿಯಬಹುದೆಂಬುದನ್ನು ಅವರು ಊಹಿಸಿರಲಿಲ್ಲ. ಇಂದಿನ ಯಂತ್ರಗಳು ಪೆನ್ನಿನ ಒಗಟನ್ನು ಸಲೀಸಾಗಿ ಬಿಡಿಸುತ್ತವೆ. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಅಂದಿನ ಅನುವಾದಕ್ಕೂ ಇಂದಿನದಕ್ಕೂ ಅಜಗಜಾಂತರ. ಆದರೆ ಪಠ್ಯದಿಂದ ಕಲಿಯುವ ಯಂತ್ರಕ್ಕೆ ಪಠ್ಯವೇ ಬಂಡವಾಳ. ಇಂಗ್ಲಿಷಿಗಿರುವ ಬಂಡವಾಳ ಕನ್ನಡಕ್ಕಿಲ್ಲ. ನಮ್ಮಲ್ಲಿ ಯಂತ್ರ ಎಡವುವ ಜಾಗಗಳು ಅಷ್ಟರಮಟ್ಟಿಗೆ ಹೆಚ್ಚು.

ಆಡಳಿತದ ಭಾಷೆಯಲ್ಲಿ ಎಡವಿದರೆ ಪೆಟ್ಟು ಬೀಳುವುದು ಪ್ರಜೆಗೆ. ಕಾನೂನಿನಲ್ಲಿ ಮಾಡತಕ್ಕದ್ದು ಎಂಬುದಕ್ಕೂ ಮಾಡಬಹುದು ಎಂಬುದಕ್ಕೂ ಇರುವ ಅಂತರ ಒಂದು ಪ್ರತ್ಯಯದ್ದು. ಆ ಪ್ರತ್ಯಯ ತಪ್ಪಿದರೆ ಅಧಿಕಾರಿಯ ಕರ್ತವ್ಯ ಅವನ ಇಚ್ಛೆಯಾಗಿಬಿಡುತ್ತದೆ, ವೃದ್ಧೆಯೊಬ್ಬಳ ಪಿಂಚಣಿಯ ಹಕ್ಕು ಕೃಪೆಯಾಗಿಬಿಡುತ್ತದೆ. ನ್ಯಾಯಾಲಯದ ತೀರ್ಪುಗಳನ್ನೂ ಸರ್ಕಾರದ ಆದೇಶಗಳನ್ನೂ ಯಂತ್ರದ ಮೂಲಕ ಕನ್ನಡಕ್ಕೆ ತರುವ ಪ್ರಯತ್ನ ಸ್ವಾಗತಾರ್ಹ. ಜನರ ಭಾಷೆಯಲ್ಲಿ ಆಡಳಿತ ನಡೆಯಲು ಅದಕ್ಕಿಂತ ಅಗ್ಗದ ದಾರಿ ಇಲ್ಲ. ಆದರೆ ಕರಡನ್ನು ಓದಿ, ತಿದ್ದಿ, ಸಹಿ ಹಾಕಿ ಹೊಣೆ ಹೊರುವ ಭಾಷಾಂತರಕಾರನ ಹುದ್ದೆಯನ್ನು ಉಳಿತಾಯದ ಹೆಸರಿನಲ್ಲಿ ರದ್ದುಪಡಿಸಬಾರದು. ಯಂತ್ರದ ಪಕ್ಕದಲ್ಲಿ ಒಬ್ಬ ಮನುಷ್ಯ ಕುಳಿತಿರಬೇಕೆಂದು ಬಾರ್-ಹಿಲೆಲ್ 1951ರಲ್ಲಿ ಕೊಟ್ಟ ಸಲಹೆ, ಯಂತ್ರ ಇಷ್ಟು ಬಲಿತ ಮೇಲೂ ಹಳತಾಗಿಲ್ಲ.