ಸದಾಶಿವನಗರದ ಹೆಸರಿನ ಹಿಂದಿನ ಮನುಷ್ಯ

ಬೆಂಗಳೂರಿನ ಸದಾಶಿವನಗರ ಎಂದರೆ ರಾಜಕಾರಣಿಗಳು, ಸಿನಿಮಾದವರು, ಉದ್ಯಮಿಗಳು ಇರುವ ಬಡಾವಣೆ. ಅಲ್ಲಿನ ಸೈಟಿನ ಬೆಲೆ ಕೇಳಿದರೆ, ಮುಂಬೈಯ ಫ್ಲ್ಯಾಟಿಗೆ ಕಂತು ಕಟ್ಟಿ ರೂಢಿಯಾದ ನಮಗೂ ಎದೆ ಝಲ್ ಎನ್ನುತ್ತದೆ. ಆದರೆ ಆ ಬಡಾವಣೆಗೆ ಹೆಸರು ಕೊಟ್ಟ ಮನುಷ್ಯ ಬರಿಗೈಯಲ್ಲಿ ಕಣ್ಣು ಮುಚ್ಚಿದ್ದು ಇದೇ ನಮ್ಮ ಮುಂಬೈಯಲ್ಲಿ. ಅವರು ಕಾರ್ನಾಡು ಸದಾಶಿವರಾಯರು. ಮಂಗಳೂರಿನ ಕೆ.ಎಸ್. ರಾವ್ ರಸ್ತೆಯೂ ಅವರದೇ ಹೆಸರಿನದು.

ರಾಯರು ಹುಟ್ಟಿದ್ದು 1881ರಲ್ಲಿ, ಮಂಗಳೂರಿನ ಸಿರಿವಂತ ಮನೆಯಲ್ಲಿ. ತಂದೆ ರಾಮಚಂದ್ರರಾಯರು ಹೆಸರಾಂತ ವಕೀಲರು. ಮಗ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಕಾನೂನು ಕಲಿಯಲು ಮುಂಬೈಗೆ ಬಂದರು. ಊರಿಗೆ ಮರಳಿ ವಕೀಲಿಗೆ ನಿಂತಾಗ ಕೈತುಂಬ ಸಂಪಾದನೆ, ತಲೆಮಾರಿನ ಆಸ್ತಿ ಎರಡೂ ಇದ್ದವು.

ಆದರೆ ಅವರ ಗಮನ ಬೇರೆ ಕಡೆಗಿತ್ತು. ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳು ಮೂಲೆ ಹಿಡಿಯಬೇಕಿದ್ದ ಕಾಲ ಅದು. ಅಂಥವರಿಗೆ ಓದು, ಕೈಕೆಲಸ ಕಲಿಸಲು ರಾಯರು ಪತ್ನಿ ಶಾಂತಾಬಾಯಿಯವರ ಜೊತೆ ಮಹಿಳಾ ಸಭೆಯನ್ನು ಕಟ್ಟಿದರು. ಸ್ವಂತ ಸಮಾಜದ ಕೆಂಗಣ್ಣಿಗೆ ಗುರಿಯಾಗಬಹುದೆಂದು ಗೊತ್ತಿದ್ದೂ ಮಾಡಿದ ಕೆಲಸ ಅದು.

1919ರಲ್ಲಿ ಗಾಂಧೀಜಿ ಸತ್ಯಾಗ್ರಹಕ್ಕೆ ಕರೆ ಕೊಟ್ಟಾಗ ಪ್ರತಿಜ್ಞೆಗೆ ಸಹಿ ಹಾಕಿದ ಕರ್ನಾಟಕದ ಮೊದಲಿಗರು ರಾಯರು. ವಕೀಲಿ ಬಿಟ್ಟರು, ದಕ್ಷಿಣ ಕನ್ನಡದಲ್ಲಿ ಕಾಂಗ್ರೆಸ್ ಕಟ್ಟಿದರು, ತಿಲಕ್ ವಿದ್ಯಾಲಯ ತೆರೆದರು. 1923ರ ಭಾರೀ ನೆರೆಯಲ್ಲಿ ಸಂತ್ರಸ್ತರ ನೆರವಿಗೆ ನಿಂತರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಜೈಲು ಸೇರಿದರು. ಚಳವಳಿಗೆ ಹಣ ಬೇಕಾದಾಗಲೆಲ್ಲ ಮೊದಲು ಕರಗಿದ್ದು ಅವರ ಮನೆಯ ಗಂಟು. ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸಿ ಅವರಿಗೆ ಗೊತ್ತಿರಲಿಲ್ಲ. ಹೀಗೆ ಆಸ್ತಿ ಕರಗಿತು, ಸಾಲ ಬೆಳೆಯಿತು. ಮನೆಯವರ ಸಾವಿನ ನೋವೂ ಜೊತೆಗೂಡಿತು.

1936ರ ಡಿಸೆಂಬರಿನಲ್ಲಿ ಖಾನ್ದೇಶದ ಫೈಜ್‌ಪುರ ಎಂಬ ಹಳ್ಳಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ದೇಹ ಸೋತಿದ್ದರೂ ರಾಯರು ಹೋದರು. ಅಲ್ಲಿ ಹಿಡಿದ ಜ್ವರ ಬಿಡಲಿಲ್ಲ. ಮುಂಬೈಗೆ ಬಂದವರು 1937ರ ಜನವರಿ 9ರಂದು ತೀರಿಕೊಂಡರು. ಕಾನೂನಿನ ಪುಸ್ತಕ ಹಿಡಿದು ಭವಿಷ್ಯ ಕಟ್ಟಿಕೊಳ್ಳಲು ಬಂದಿದ್ದ ಊರಿನಲ್ಲೇ ಎಲ್ಲವನ್ನೂ ಕೊಟ್ಟು ಮುಗಿಸಿದ ಮೇಲೆ ಕೊನೆಯುಸಿರೆಳೆದರು. ಆಗ ಅವರಿಗೆ ಅರುವತ್ತೂ ತುಂಬಿರಲಿಲ್ಲ.

ಶಿವರಾಮ ಕಾರಂತರು ರಾಯರನ್ನು ಹತ್ತಿರದಿಂದ ಬಲ್ಲವರು. ಅವರ ಕಾದಂಬರಿ ‘ಔದಾರ್ಯದ ಉರುಳಲ್ಲಿ’ಯಲ್ಲಿ ರಾಯರ ಬದುಕಿನ ನೆರಳಿದೆ ಎನ್ನುತ್ತಾರೆ. ಆ ಶೀರ್ಷಿಕೆಯಲ್ಲೇ ಒಂದು ಮುಳ್ಳಿದೆ. ಹೀಗೆ ಕೊಟ್ಟುಕೊಂಡೇ ಹೋದರೆ ಮನೆಯವರ ಗತಿ? ಕೊಡುವುದೂ ಒಂದು ಹಂತದಲ್ಲಿ ಉರುಳಾಗುವುದಿಲ್ಲವೇ? ಸಂಬಳದ ಮೇಲೆ ನಿಂತ ನಮ್ಮಂಥವರಿಗೆ ಈ ಪ್ರಶ್ನೆ ಸುಳ್ಳಲ್ಲ. ರಾಯರಂತೆ ಎಲ್ಲವನ್ನೂ ಕೊಡುವ ಧೈರ್ಯ ನನಗಿಲ್ಲ, ಬಹುಶಃ ಕೊಡಲೂ ಬಾರದು.

ಆದರೆ ಒಂದು ಮಾತು ಮಾತ್ರ ಬಿಡದೆ ಕಾಡುತ್ತದೆ. ಬೇರೆಯವರಿಂದ ಏನನ್ನಾದರೂ ಕೇಳುವ ಮೊದಲು ರಾಯರು ತಮ್ಮ ಪಾಲನ್ನು ಇಟ್ಟಿದ್ದರು. ವಕೀಲಿ ಬಿಡಿ ಎನ್ನುವ ಮೊದಲು ತಾವು ಬಿಟ್ಟಿದ್ದರು, ಹಣ ಕೊಡಿ ಎನ್ನುವ ಮೊದಲು ತಾವು ಕೊಟ್ಟಿದ್ದರು. ಜನ ಅವರ ಹಿಂದೆ ನಡೆದದ್ದು ಅದಕ್ಕೇ.

ನನ್ನ ಕೈಕೆಳಗೂ ಒಂದು ಸಣ್ಣ ತಂಡವಿದೆ. ಗಣಪತಿ ಹಬ್ಬದ ದಿನ ಯಾರು ಡ್ಯೂಟಿಗೆ ಬರಬೇಕು ಎಂದು ಪಟ್ಟಿ ಬರೆಯುವಾಗ ಇಷ್ಟು ವರ್ಷ ನನ್ನ ಹೆಸರು ಅದರಲ್ಲಿ ಇರುತ್ತಿರಲಿಲ್ಲ. ಈ ಸಲ ಮೊದಲ ಸಾಲಿನಲ್ಲೇ ಬರೆದೆ. ಮನೆಯಲ್ಲಿ ಸ್ವಲ್ಪ ಬೈಗುಳವಾಯಿತು. ಪಟ್ಟಿಯ ಉಳಿದ ಹೆಸರುಗಳನ್ನು ತುಂಬುವುದು ಮಾತ್ರ ಕಷ್ಟವಾಗಲಿಲ್ಲ.