ನಾಲ್ಕು ರೂಪಾಯಿ ಸಂಬಳದ ಬೌಲರ್: ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಳು

ಕ್ರಿಕೆಟ್ ಕಲಿಯೋಕೆ ಏನೇನು ಬೇಕು ಅಂತ ಹಾಸ್ಟೆಲ್‌ನಲ್ಲಿ ಯಾರನ್ನು ಕೇಳಿದರೂ ಉದ್ದದ ಪಟ್ಟಿ ಸಿಗುತ್ತೆ. ಒಳ್ಳೆ ಕೋಚ್, ಟರ್ಫ್ ವಿಕೆಟ್, ಬೌಲಿಂಗ್ ಮೆಷಿನ್, ಬೆಂಗಳೂರಲ್ಲೊಂದು ಅಕಾಡೆಮಿ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯಿಂದ ಬಂದ ನಮ್ಮ ಹುಡುಗರಲ್ಲಿ ಎಷ್ಟೋ ಜನ ಇದ್ಯಾವುದೂ ಇಲ್ಲದೆ, ಕೊಯ್ಲಾದ ಗದ್ದೆ ಬಯಲಲ್ಲಿ ಟೆನ್ನಿಸ್ ಬಾಲ್ ಹಾಕಿಕೊಂಡೇ ಬೆಳೆದವರು. ಪಾಲ್ವಂಕರ್ ಬಾಳು ಹತ್ತಿರ ಅದೂ ಇರಲಿಲ್ಲ. ಆದರೂ ಭಾರತದ ಮೊದಲ ದೊಡ್ಡ ಸ್ಪಿನ್ ಬೌಲರ್ ಅಂತ ಇವತ್ತಿಗೂ ಹೆಸರು ಹೇಳೋದು ಅವರದ್ದೇ.

ಬಾಳು ಹುಟ್ಟಿದ್ದು 1870ರ ದಶಕದ ನಡುವೆ, ನಮ್ಮ ಧಾರವಾಡದಲ್ಲಿ. ಆಗ ಅದು ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಮನೆತನದ ಮೂಲ ಕೊಂಕಣ, ತಂದೆ ಸೈನ್ಯದ ಕೆಲಸದಲ್ಲಿದ್ದರು, ಜಾತಿಯಲ್ಲಿ ಚಮ್ಮಾರರು. ಅಂದಿನ ಲೆಕ್ಕದಲ್ಲಿ ಅಸ್ಪೃಶ್ಯರು. ಆಮೇಲೆ ಕುಟುಂಬ ಪುಣೆಗೆ ಹೋಯಿತು. ಅಲ್ಲಿ ಬಾಳು ಮತ್ತು ತಮ್ಮ ಶಿವರಾಮ ಕ್ರಿಕೆಟ್ ಹಿಡಿದದ್ದು ಸೈನ್ಯದ ಅಧಿಕಾರಿಗಳು ಬಿಟ್ಟುಹೋದ ಹಳೇ ಬ್ಯಾಟು ಬಾಲುಗಳಲ್ಲಿ.

ಮೊದಲ ಕೆಲಸ ಒಂದು ಪಾರ್ಸಿ ಕ್ಲಬ್ಬಿನಲ್ಲಿ, ಪಿಚ್ ಗುಡಿಸಿ ರೋಲ್ ಮಾಡೋದು. ತಿಂಗಳಿಗೆ 3 ರೂಪಾಯಿ. 1892ರ ಹೊತ್ತಿಗೆ ಬಿಳಿಯರ ಪೂನಾ ಕ್ಲಬ್ಬಿಗೆ ಬಂದಾಗ ಅದು 4 ರೂಪಾಯಿ ಆಯ್ತು. ಪಿಚ್ ಸಿದ್ಧ ಮಾಡಬೇಕು, ನೆಟ್ಸ್ ಕಟ್ಟಬೇಕು, ಟೆನ್ನಿಸ್ ಕೋರ್ಟಿಗೆ ಗೆರೆ ಎಳೀಬೇಕು. ಪುರುಸೊತ್ತಾದಾಗ ಸದಸ್ಯರಿಗೆ ಒಂದಷ್ಟು ಬಾಲ್ ಹಾಕಬೇಕು. ಹಾಗೆ ಹಾಕಿದ ಎಡಗೈ ಸ್ಪಿನ್ ನೋಡಿ ಕ್ಲಬ್ಬಿನ ಸಾಹೇಬರು ದಂಗಾದರು.

ಆಗ ಬಂದವನು ಜೆ.ಜಿ. ಗ್ರೆಗ್. ಜಾನಿ ಅನ್ನೋದನ್ನ ಜನ ಜಂಗ್ಲಿ ಮಾಡಿ ಕರೀತಿದ್ದರಂತೆ. ಆ ಕಾಲದಲ್ಲಿ ಭಾರತದಲ್ಲಿದ್ದ ಇಂಗ್ಲಿಷ್ ಬ್ಯಾಟ್ಸ್‌ಮನ್‌ಗಳಲ್ಲಿ ಅತ್ಯುತ್ತಮ, ಹ್ಯಾಂಪ್‌ಶೈರ್ ಕೌಂಟಿಗೂ ಆಡಿದವನು. ಬೇರೆಯವರು ಬರೋದಕ್ಕೆ ಒಂದು ಗಂಟೆ ಮೊದಲೇ ಬಂದು ಬಾಳು ಬೌಲಿಂಗಿನಲ್ಲಿ ಅಭ್ಯಾಸ ಮಾಡೋನು. ಔಟ್ ಮಾಡಿದಾಗೆಲ್ಲ 8 ಆಣೆ ಕೊಡುತ್ತಿದ್ದನೆಂದು ಪ್ರತೀತಿ. ಲೆಕ್ಕ ಹಾಕಿ ನೋಡಿ: ಎಂಟು ಸಲ ಔಟ್ ಮಾಡಿದರೆ ಒಂದು ತಿಂಗಳ ಸಂಬಳ! ಇಷ್ಟು ಗಟ್ಟಿ ಕಾರಣ ಇದ್ದ ನೆಟ್ ಪ್ರಾಕ್ಟೀಸ್ ಬೇರೆ ಎಲ್ಲಿದೆ ಹೇಳಿ. ಒಬ್ಬನೇ ಬ್ಯಾಟ್ಸ್‌ಮನ್‌ಗೆ ತಿಂಗಳುಗಟ್ಟಲೆ ಹಾಕಬೇಕು ಅಂದ್ರೆ ಹಳೇ ಕೈಚಳಕ ನಡೆಯಲ್ಲ. ನಿನ್ನೆ ಬಿದ್ದ ಬಾಲಿಗೆ ಅವನು ಇವತ್ತು ಉತ್ತರ ಹುಡುಕಿಕೊಂಡು ಬಂದಿರುತ್ತಾನೆ. ಬಾಲನ್ನು ಎರಡೂ ಕಡೆ ತಿರುಗಿಸೋದು, ಒಂದೇ ಓಟದಲ್ಲಿ ವೇಗ ಬದಲಿಸೋದು, ಗಂಟೆಗಟ್ಟಲೆ ಅದೇ ಲೆಂತ್ ಬಿಡದೆ ಹಾಕೋದು, ಬಾಳು ಅವರ ಈ ಮೂರೂ ಗುಣ ಬೆಳೆದದ್ದು ಆ ನೆಟ್ಸ್‌ನಲ್ಲಿ. ಗ್ರೆಗ್ ತನ್ನ ಬ್ಯಾಟಿಂಗ್ ತಿದ್ದಿಕೊಳ್ಳೋಕೆ ಬರುತ್ತಿದ್ದ, ಆದರೆ ಅವನಿಗೇ ಗೊತ್ತಿಲ್ಲದೆ ಕೋಚ್ ಕೆಲಸ ಮಾಡುತ್ತಿದ್ದ ಅನ್ನೋದು ನನ್ನ ಅನಿಸಿಕೆ.

ಒಂದು ಮಾತು ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಅಷ್ಟು ವರ್ಷ ಆ ನೆಟ್ಸ್‌ನಲ್ಲಿ ಬೆವರು ಸುರಿಸಿದ ಮನುಷ್ಯನಿಗೆ ಅಲ್ಲಿ ಒಂದು ಸಲವೂ ಬ್ಯಾಟ್ ಮಾಡೋಕೆ ಬಿಡಲಿಲ್ಲ. ಬ್ಯಾಟಿಂಗ್ ಸಾಹೇಬರಿಗೆ, ಬೌಲಿಂಗ್ ಆಳಿಗೆ.

ಪುಣೆಯ ಹಿಂದೂ ತಂಡಕ್ಕೆ ಬಿಳಿಯರನ್ನು ಸೋಲಿಸೋ ಆಸೆ. ಅದಕ್ಕೆ ಬಾಳು ಬೇಕು. ಆದರೆ ಬಾಳು ಜಾತಿ ಬೇಡ. ಈ ಜಗ್ಗಾಟದ ನಡುವೆ ಗ್ರೆಗ್ ಬಾಯಿಬಿಟ್ಟು, ಇಂಥವನನ್ನು ಬಿಟ್ಟರೆ ಹಿಂದೂಗಳು ದಡ್ಡರಾಗುತ್ತಾರೆ ಎಂಬ ಅರ್ಥದಲ್ಲಿ ಹೇಳಿದ. ಕೊನೆಗೆ ಬಾಳು ತಂಡ ಸೇರಿದರು. ಮೈದಾನದಲ್ಲಿ ಎಲ್ಲರೂ ಅದೇ ಬಾಲ್ ಮುಟ್ಟುತ್ತಿದ್ದರು. ಟೀ ಹೊತ್ತಾದರೆ ಬಾಳು ಪೆವಿಲಿಯನ್ ಹೊರಗೆ ನಿಲ್ಲಬೇಕು. ಉಳಿದವರಿಗೆ ಪಿಂಗಾಣಿ ಕಪ್ಪು, ಇವರಿಗೆ ಕುಡಿದು ಎಸೆಯೋ ಮಣ್ಣಿನ ಕುಡಿಕೆ. ಊಟವೂ ಬೇರೆ. ಬೆರಳಿಂದ ಜಾರಿದ ಅದೇ ಬಾಲು ಸ್ಲಿಪ್‌ನಲ್ಲಿ ನಿಂತವನ ಕೈಗೆ ಹೋದಾಗ ಮಡಿ ಕೆಡುತ್ತಿರಲಿಲ್ಲ, ನೋಡಿ.

ಸಾತಾರದಲ್ಲಿ ಬಿಳಿಯರ ಜಿಮ್ಖಾನಾ ವಿರುದ್ಧ ಪಂದ್ಯವಿದ್ದಾಗ ಬಾಳು ಬಾಲ್ ತಿರುಗಬಾರದೆಂದು ವಾರಪೂರ್ತಿ ಪಿಚ್ ರೋಲ್ ಮಾಡಿಸಿದ್ದರಂತೆ. ಅವರು ಅಲ್ಲೂ 7 ವಿಕೆಟ್ ಕಿತ್ತರು. ರೋಲರ್ ಎಳೆದೇ ಬೆಳೆದವರಿಗೆ ರೋಲರ್ ತೋರಿಸಿ ಹೆದರಿಸೋಕಾಗುತ್ತಾ?

1890ರ ದಶಕದ ಕೊನೆಗೆ ಪುಣೆಯಲ್ಲಿ ಪ್ಲೇಗ್ ಬಂತು. ಬಾಳು ಮುಂಬೈಗೆ ಹೋದರು, ಬಿ.ಬಿ.ಸಿ.ಐ. ರೈಲ್ವೆಯಲ್ಲಿ ಕೆಲಸ ಸಿಕ್ಕಿತು, ಹಿಂದೂ ಜಿಮ್ಖಾನಾ ಪರ ಆಡಿದರು. 1906ರ ಫೆಬ್ರವರಿಯಲ್ಲಿ ಹಿಂದೂಗಳು ಯುರೋಪಿಯನ್ನರನ್ನು 109 ರನ್‌ಗಳಿಂದ ಸೋಲಿಸಿದಾಗ ಬಾಳು ಪಾಲು 8 ವಿಕೆಟ್. ತಮ್ಮ ಶಿವರಾಮನೂ ಆ ತಂಡದಲ್ಲಿದ್ದ. ಅಷ್ಟರಲ್ಲಿ ತಂಡದವರೆಲ್ಲ ಒಟ್ಟಿಗೆ ಕೂತು ಊಟ ಮಾಡುವಷ್ಟು ಬದಲಾವಣೆ ಬಂದಿತ್ತು.

1911ರಲ್ಲಿ ಪಟಿಯಾಲಾ ಮಹಾರಾಜ ಭೂಪಿಂದರ್ ಸಿಂಗ್ ನಾಯಕತ್ವದ ತಂಡ ಇಂಗ್ಲೆಂಡಿಗೆ ಹೋಯಿತು. ತಂಡ ಹೆಚ್ಚಿನ ಪಂದ್ಯ ಸೋತಿತು. ಮೂವತ್ತೈದರ ಆಸುಪಾಸಿನ ಬಾಳು ಮಾತ್ರ ಭುಜ ನೋವಲ್ಲೇ ಇಡೀ ಪ್ರವಾಸದಲ್ಲಿ 114 ವಿಕೆಟ್ ತೆಗೆದರು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಇನ್ನಿಂಗ್ಸ್‌ನಲ್ಲಿ 8. ವಾಪಸ್ ಬಂದಾಗ ಮುಂಬೈಯ ದಲಿತರು ಸನ್ಮಾನ ಮಾಡಿದರು. ಆ ಸಂಭ್ರಮದಲ್ಲಿ ಆಗಿನ್ನೂ ಕಾಲೇಜು ಹುಡುಗನಾಗಿದ್ದ ಬಿ.ಆರ್. ಅಂಬೇಡ್ಕರ್ ಕೂಡ ಕೈಜೋಡಿಸಿದ್ದರು.

ಇಷ್ಟಾದರೂ ನಾಯಕತ್ವ ಸಿಗಲಿಲ್ಲ. 1912ರಿಂದ ನಾಲ್ಕು ತಂಡಗಳ ಟೂರ್ನಿ ಶುರುವಾಯ್ತು, ವರ್ಷವರ್ಷವೂ ಬೇರೆಯವರೇ ನಾಯಕರು. 1913ರಲ್ಲಿ ನಾಯಕನಾದ ಎಂ.ಡಿ. ಪೈ, ಆ ಗೌರವ ಬಾಳು ಅವರಿಗೆ ಸಲ್ಲಬೇಕಿತ್ತು ಅಂತ ಸಭೆಯಲ್ಲೇ ಹೇಳಿಬಿಟ್ಟರು. 1920ರಲ್ಲಿ ವಿಷಯ ಸಿಡಿಯಿತು. ತಮ್ಮಂದಿರಾದ ಶಿವರಾಮ, ವಿಠ್ಠಲ ಇಬ್ಬರೂ ಪ್ರತಿಭಟಿಸಿ ತಂಡದಿಂದ ಹೊರನಡೆದರು. ಆಯ್ಕೆದಾರರು ಮಣಿದು ಬಾಳು ಅವರನ್ನು ಉಪನಾಯಕ ಮಾಡಿದರು. ಫೈನಲ್‌ನಲ್ಲಿ ಪೈ ಬೇಕಂತಲೇ ಸ್ವಲ್ಪ ಹೊತ್ತು ಮೈದಾನ ಬಿಟ್ಟು ಹೊರಗೆ ಹೋದರು. ಬಾಳು ತಂಡ ನಡೆಸಿದ್ದು ಅಷ್ಟೇ ಹೊತ್ತು. 1923ರಲ್ಲಿ ವಿಠ್ಠಲ ಪೂರ್ಣಪ್ರಮಾಣದ ನಾಯಕನಾದ, ಹಿಂದೂ ತಂಡ ಗೆದ್ದಿತು. ಅಣ್ಣ ಅಷ್ಟರಲ್ಲಿ ಆಟ ಬಿಟ್ಟಾಗಿತ್ತು. 33 ಪ್ರಥಮ ದರ್ಜೆ ಪಂದ್ಯ, 179 ವಿಕೆಟ್, ಸರಾಸರಿ 15ರ ಮೇಲೆ ಸ್ವಲ್ಪ.

ಆಮೇಲಿನದು ರಾಜಕೀಯ. ಭಾರತ ಲಾರ್ಡ್ಸ್‌ನಲ್ಲಿ ಮೊದಲ ಟೆಸ್ಟ್ ಆಡಿದ 1932ರಲ್ಲೇ ಪೂನಾ ಒಪ್ಪಂದವೂ ಆಯ್ತು. ಪ್ರತ್ಯೇಕ ಮತಕ್ಷೇತ್ರದ ವಿಚಾರದಲ್ಲಿ ಬಾಳು ಎಂ.ಸಿ. ರಾಜಾ ಜೊತೆ, ಗಾಂಧೀಜಿ ಕಡೆ ನಿಂತರು. 1937ರ ಮುಂಬೈ ವಿಧಾನಸಭೆ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ನಿಲ್ಲಿಸಿದ್ದು ಅಂಬೇಡ್ಕರ್ ಎದುರಿಗೆ. ಒಂದು ಕಾಲಕ್ಕೆ ತಮ್ಮನ್ನು ಮೆಚ್ಚಿದ್ದ ಹುಡುಗನ ಎದುರು ಬಾಳು ಸುಮಾರು 2,000 ಮತಗಳಿಂದ ಸೋತರು. ಅಂಬೇಡ್ಕರ್ ಗೆದ್ದದ್ದೇ ಸರಿ ಅನ್ನೋರಲ್ಲಿ ನಾನೂ ಒಬ್ಬ. ಆದರೆ ಅವರಿಬ್ಬರನ್ನು ಎದುರುಬದುರು ನಿಲ್ಲಿಸಿದ ಲೆಕ್ಕಾಚಾರ ನೆನೆದರೆ ಬೇಜಾರಾಗುತ್ತೆ.

1955ರ ಜುಲೈ 4ರಂದು ಬಾಳು ಮುಂಬೈಯಲ್ಲಿ ತೀರಿಕೊಂಡರು. ಅಂತ್ಯಕ್ರಿಯೆಗೆ ಕ್ರಿಕೆಟಿಗರೂ ಬಂದಿದ್ದರು, ರಾಜಕಾರಣಿಗಳೂ ಬಂದಿದ್ದರು.