ಅಲೆಕ್ಸಾಂಡರ್ ಫ್ಲೆಮಿಂಗ್

ಸ್ಕಾಟ್ಲೆಂಡಿನ ಏರ್‌ಷೈರ್ ಪ್ರಾಂತದ ಒಂದು ಒಕ್ಕಲು ಮನೆತನದಲ್ಲಿ 1881ರ ಆಗಸ್ಟ್ 6ರಂದು ಅಲೆಕ್ಸಾಂಡರ್ ಫ್ಲೆಮಿಂಗನು ಜನಿಸಿದನು. ಏಳನೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಈ ಬಾಲಕನು ಮುಂದೆ ಲಂಡನ್ನಿಗೆ ಬಂದು, ಹಡಗು ಕಚೇರಿಯೊಂದರಲ್ಲಿ ನಾಲ್ಕು ವರ್ಷ ಗುಮಾಸ್ತನಾಗಿ ದುಡಿದನು. ಬಂಧುವೊಬ್ಬನಿಂದ ಬಂದ ಅಲ್ಪ ಆಸ್ತಿಯ ನೆರವಿನಿಂದ 1901ರಲ್ಲಿ ಸೇಂಟ್ ಮೇರಿ ಆಸ್ಪತ್ರೆಯ ವೈದ್ಯಕೀಯ ಶಾಲೆಯನ್ನು ಸೇರಿದನು. ಆ ಆಸ್ಪತ್ರೆಯೇ ಅವನ ಕರ್ಮಭೂಮಿಯಾಯಿತು.

1921ರಲ್ಲಿ ಅವನಿಗೆ ನೆಗಡಿಯಾಗಿತ್ತು. ತನ್ನ ಮೂಗಿನ ಸಿಂಬಳವನ್ನೇ ಅವನು ಪರೀಕ್ಷೆಗೊಡ್ಡಿದಾಗ, ಅದು ಕೆಲವು ಬ್ಯಾಕ್ಟೀರಿಯಾಗಳನ್ನು ಕರಗಿಸಿಬಿಡುವುದು ಕಂಡುಬಂದಿತು. ಕಣ್ಣೀರಿನಲ್ಲಿ ಈ ಶಕ್ತಿ ಇನ್ನೂ ಹೆಚ್ಚಾಗಿತ್ತು. ಪ್ರಯೋಗಕ್ಕೆ ಕಣ್ಣೀರು ಬೇಕಲ್ಲ! ಸಹೋದ್ಯೋಗಿಗಳ ಕಣ್ಣಿಗೂ ತನ್ನ ಕಣ್ಣಿಗೂ ನಿಂಬೆಯ ರಸ ಹಿಂಡಿ, ಜಿನುಗಿದ ಹನಿಗಳನ್ನು ಅವನು ಸಂಗ್ರಹಿಸಿದನು. ಆ ವಸ್ತುವಿಗೆ ಲೈಸೋಜೈಮ್ ಎಂದು ಹೆಸರಾಯಿತು. ಸದಾ ಧೂಳಿಗೆ ತೆರೆದಿರುವ ಕಣ್ಣು ದಿನವೂ ಕೀವುಗಟ್ಟದಿರಲು ಇದೂ ಒಂದು ಕಾರಣ. ಆದರೆ ಉಗ್ರ ರೋಗಗಳನ್ನು ತರುವ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಇದಕ್ಕೆ ಬಗ್ಗಲಿಲ್ಲ.

1928ರ ಸೆಪ್ಟೆಂಬರಿನಲ್ಲಿ ರಜೆ ಮುಗಿಸಿ ಬಂದ ಫ್ಲೆಮಿಂಗನು, ಸ್ಟೆಫೈಲೋಕಾಕಸ್ ಬೆಳೆಸಿದ್ದ ಗಾಜಿನ ತಟ್ಟೆಯೊಂದರಲ್ಲಿ ಬೂಷ್ಟು ಹಿಡಿದಿರುವುದನ್ನು ನೋಡಿದನು. ಬೂಷ್ಟಿನ ಸುತ್ತ ಬ್ಯಾಕ್ಟೀರಿಯಾ ಕರಗಿ, ತಿಳಿಯಾದ ವಲಯವೊಂದು ಉಂಟಾಗಿತ್ತು. ಬೇರೊಬ್ಬನಾಗಿದ್ದರೆ ತಟ್ಟೆಯನ್ನು ತೊಳೆದಿಡುತ್ತಿದ್ದನೇನೋ. ಕಣ್ಣೀರಿನ ಪ್ರಯೋಗದಲ್ಲಿ ಪಳಗಿದ ಕಣ್ಣು ಅದನ್ನು ಬಿಡಲಿಲ್ಲ. ಆ ಬೂಷ್ಟಿನ ಸಾರವೇ ಪೆನಿಸಿಲಿನ್.

ಈ ಸಾರವು ಮೊದಲು ಫಲ ಕೊಟ್ಟದ್ದು ಕಣ್ಣಿನ ರೋಗದಲ್ಲಿಯೇ ಎಂಬುದು ಅನೇಕರಿಗೆ ತಿಳಿಯದು. 1930ರಲ್ಲಿ ಷೆಫೀಲ್ಡಿನ ವೈದ್ಯ ಸೆಸಿಲ್ ಪೇನ್, ಹೆರಿಗೆಯ ವೇಳೆ ತಾಯಿಯಿಂದ ಗಾನೊಕಾಕಸ್ ಅಂಟಿ ಕಣ್ಣು ಕೀವುಗಟ್ಟಿದ್ದ ಶಿಶುವಿಗೆ ಅದನ್ನು ಹಾಕಿ ಗುಣಪಡಿಸಿದನು. ಇಂತಹ ಸೋಂಕಿನಿಂದ ಆ ಕಾಲದಲ್ಲಿ ಎಷ್ಟೋ ಮಕ್ಕಳು ಕುರುಡಾಗುತ್ತಿದ್ದರು. ಗಣಿಯ ಕೆಲಸಗಾರನೊಬ್ಬನ ಕಣ್ಣೂ ಉಳಿಯಿತು. ಆದರೆ ಪೇನ್ ಇದನ್ನು ಪ್ರಕಟಿಸಲಿಲ್ಲ. ಪೆನಿಸಿಲಿನ್ನನ್ನು ಶುದ್ಧೀಕರಿಸಿ ಔಷಧವಾಗಿಸುವ ಕಾರ್ಯವು ಆಕ್ಸ್‌ಫರ್ಡಿನ ಫ್ಲೋರಿ ಮತ್ತು ಚೈನ್‌ರ ತಂಡಕ್ಕೆ ಉಳಿಯಿತು. 1945ರ ನೊಬೆಲ್ ಪಾರಿತೋಷಕವು ಈ ಮೂವರಿಗೂ ಸಂದಿತು.

ಪಾರಿತೋಷಕದ ಉಪನ್ಯಾಸದಲ್ಲಿಯೇ ಫ್ಲೆಮಿಂಗನು ಎಚ್ಚರಿಕೆಯ ಮಾತನ್ನಾಡಿದನು. ಸಾಲದಷ್ಟು ಔಷಧವನ್ನು ಕೊಟ್ಟರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಬದಲಾಗಿ ಔಷಧವನ್ನು ಎದುರಿಸುವ ಶಕ್ತಿಯನ್ನು ಪಡೆಯುತ್ತದೆ ಎಂದು ವಿವರಿಸಿದನು. ದುರ್ಬಲವಾದವು ಸತ್ತು, ತಾಳಿಕೊಂಡವು ಉಳಿದು ವೃದ್ಧಿಯಾಗುತ್ತವೆ. ಒಬ್ಬನ ದೇಹದಲ್ಲಿ ಹೀಗೆ ಬಲಿತವು ಮತ್ತೊಬ್ಬನಿಗೆ ಅಂಟುತ್ತವೆ. ಪೆನಿಸಿಲಿನ್ನನ್ನು ಒಡೆದುಹಾಕುವ ಕಿಣ್ವವೊಂದು ಕೆಲವು ಬ್ಯಾಕ್ಟೀರಿಯಾಗಳಲ್ಲಿ ಇರುವುದು 1940ರಲ್ಲಿಯೇ ಆಕ್ಸ್‌ಫರ್ಡಿನಲ್ಲಿ ತಿಳಿದಿತ್ತು. ದಶಕವು ಮುಗಿಯುವ ಮುನ್ನವೇ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ದೊರೆತ ಸ್ಟೆಫೈಲೋಕಾಕಸ್ ತಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪೆನಿಸಿಲಿನ್‌ಗೆ ಮಣಿಯದಾಗಿದ್ದವು. ಕಣ್ಣಿನ ರೆಪ್ಪೆಯಲ್ಲಿ ಕುರು ಎಬ್ಬಿಸುವುದೂ ಈ ಜಾತಿಯ ಬ್ಯಾಕ್ಟೀರಿಯಾವೇ.

1955ರ ಮಾರ್ಚ್ 11ರಂದು ಫ್ಲೆಮಿಂಗನು ಲಂಡನ್ನಿನಲ್ಲಿ ನಿಧನ ಹೊಂದಿದನು. ಷೆಫೀಲ್ಡಿನ ಶಿಶುವಿನ ಕಣ್ಣನ್ನು ಮುತ್ತಿದ್ದ ಗಾನೊಕಾಕಸ್ ಸಹ ಅದೇ ಬಗೆಯ ಕಿಣ್ವವನ್ನು ಗಳಿಸಿಕೊಂಡಿರುವುದು 1976ರಲ್ಲಿ ಬೆಳಕಿಗೆ ಬಂದಿತು. ಇಂದು ತೀವ್ರವಾದ ಕಣ್ಣಿನ ಸೋಂಕುಗಳಲ್ಲಿ ವೈದ್ಯರು ಕೀವನ್ನು ತಟ್ಟೆಯಲ್ಲಿ ಬೆಳೆಸಿ, ಬೇರೆ ಬೇರೆ ಔಷಧಗಳಲ್ಲಿ ಅದ್ದಿದ ಕಾಗದದ ಬಿಲ್ಲೆಗಳನ್ನು ಅದರ ಮೇಲಿಟ್ಟು, ಯಾವುದರ ಸುತ್ತ ತಿಳಿಯಾದ ವಲಯವು ಮೂಡುವುದೆಂದು ಮರುದಿನ ನೋಡುತ್ತಾರೆ.